ನೂರಾಹತ್ತು ಸಲ ಕಾಣೆಯಾದವನು

ಓಡ್ವಾರ್‌ನ ಬಗ್ಗೆ ಈಗ ನಮ್ಮ ದ್ವೀಪದಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಮಾತಿದೆ. ಮೀನು ಇಳಿಸುವ ಕಟ್ಟೆಯಲ್ಲಿ ನಿಂತವರು ಒಂದು ಹೇಳುತ್ತಾರೆ, ಭಾನುವಾರ ಚರ್ಚಿನ ಕಾಫಿಗೆ ಕೂತವರು ಇನ್ನೊಂದು ಹೇಳುತ್ತಾರೆ. ಇವರಲ್ಲಿ ಅರ್ಧ ಜನಕ್ಕೆ ಅವನ ಮುಖದ ಪರಿಚಯವೂ ಸರಿಯಾಗಿಲ್ಲ. ಹನ್ನೊಂದು ವರ್ಷ ಅವನ ಎದುರಿನ ಮೇಜಿನಲ್ಲಿ ಕೂತವಳು ನಾನು, ರಾಂದಿ. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನನ್ನ ಪಾಲೂ ಇದೆ, ಅದು ಸಣ್ಣ ಪಾಲಲ್ಲ.

ಅವನ ಅಪ್ಪ ಮೀನೆಣ್ಣೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಓಡ್ವಾರ್ ಹತ್ತೊಂಬತ್ತಕ್ಕೇ ಕರಾವಳಿ ರೇಡಿಯೋ ಕೇಂದ್ರ ಸೇರಿದ. ಇಪ್ಪತ್ತಮೂರು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಮುದ್ರದಲ್ಲಿದ್ದವರ ಮಾತು ಕೇಳಿದ. ಎಂಜಿನ್ ಕೆಟ್ಟವರು, ದಾರಿ ತಪ್ಪಿದವರು, ಸುಮ್ಮನೆ ಬೇಜಾರಾಗಿ ಹವಾಮಾನ ಕೇಳುವ ನೆಪದಲ್ಲಿ ಹೆಂಡತಿಯನ್ನು ಬೈಯುವವರು, ಎಲ್ಲರದ್ದೂ. ಯಾರು ಏನು ಹೇಳಿದರೂ ಅದನ್ನು ಒಮ್ಮೆ ತಿರುಗಿ ಹೇಳಿ, ಸರಿಯೋ ಎಂದು ಕೇಳಿದ ಮೇಲೇ ಮುಂದಿನ ಮಾತು. ಆಮೇಲೆ ಸರಕಾರ ಕೇಂದ್ರವನ್ನು ಮುಚ್ಚಿ ಕೆಲಸವನ್ನೆಲ್ಲ ಪಟ್ಟಣಕ್ಕೆ ಸಾಗಿಸಿತು. ನಲವತ್ತೆರಡನೇ ವಯಸ್ಸಿನಲ್ಲಿ ಅವನು ಬೂದೆ ಪಟ್ಟಣದ ಕಾಲೇಜಿಗೆ ಹೋಗಿ, ಮೀಸೆ ಮೊಳೆಯದ ಹುಡುಗರ ನಡುವೆ ಕೂತು ಪ್ರೋಗ್ರಾಂ ಬರೆಯಲು ಕಲಿತ. ಯಾಕಯ್ಯಾ ಈ ವಯಸ್ಸಿನಲ್ಲಿ ಎಂದು ಕೇಳಿದವರಿಗೆ, "ಕೇಳೋರು ಯಾರಾದ್ರೂ ಇರ್ಬೇಕಲ್ಲ. ಮನುಷ್ಯರನ್ನ ತೆಗೆದ್ರು, ಇನ್ನು ಯಂತ್ರಕ್ಕಾದ್ರೂ ಕಲಿಸೋಣ" ಎಂದನಂತೆ.

ನಮ್ಮ ಕಂಪನಿ ಎಂದರೆ ಒಂಬತ್ತು ಜನ, ಮೀನುಕಟ್ಟೆಯ ಮೇಲಿನ ಮಹಡಿ, ಮೂರು ಕಿಟಕಿ. ಫೆಬ್ರವರಿಯಲ್ಲಿ ಕಾಡ್ ಮೀನಿನ ಹಂಗಾಮು ಶುರುವಾದರೆ ನನ್ನ ಕೂದಲಿಗೂ ಮೀನಿನ ವಾಸನೆ. ಒಬ್ಬಂಟಿಯಾಗಿ ಸಣ್ಣ ದೋಣಿಯಲ್ಲಿ ಹೋಗುವ ಮೀನುಗಾರರ ಅಂಗಿಗೆ ಸಿಗಿಸುವ ಒಂದು ಬಿಲ್ಲೆ ನಾವು ಕೊಡುತ್ತಿದ್ದೆವು. ಮನುಷ್ಯ ದೋಣಿಯಲ್ಲಿರುವ ತನಕ ಬಿಲ್ಲೆ ಅಲ್ಲಿನ ಯಂತ್ರದ ಪೆಟ್ಟಿಗೆಗೆ 'ಇದ್ದೇನೆ, ಇದ್ದೇನೆ' ಎನ್ನುತ್ತಿರುತ್ತದೆ. ನೀರಿಗೆ ಬಿದ್ದು ದೂರವಾದರೆ ಸದ್ದು ನಿಲ್ಲುತ್ತದೆ. ಹತ್ತು ನಿಮಿಷ ಸದ್ದಿಲ್ಲದಿದ್ದರೆ ಪ್ರೋಗ್ರಾಂ ಅವನನ್ನು ಕಾಣೆ ಎಂದು ಗುರುತಿಸಬೇಕು, ಮನೆಯವರ ಫೋನಿನಲ್ಲೂ ಬಂದರಿನ ಪರದೆಯಲ್ಲೂ ಹಸಿರು ಚುಕ್ಕೆ ಕೆಂಪಾಗಬೇಕು, ರಕ್ಷಣಾ ದೋಣಿಗೆ ಕರೆ ಹೋಗಬೇಕು. ಫೋನ್ ಎತ್ತುವುದು ನನ್ನ ಕೆಲಸ. ಪ್ರೋಗ್ರಾಂ ಓಡ್ವಾರ್‌ನದು.

ನನಗೆ ಅವನ ವಿದ್ಯೆ ಒಂದಕ್ಷರ ಬರದು. ಆದರೂ ಒಂದು ದಿನ ಊಟದ ಹೊತ್ತಿಗೆ ರೊಟ್ಟಿಯ ಡಬ್ಬಿ ಬದಿಗೆ ಸರಿಸಿ ಅವನು ವಿವರಿಸಿದ್ದು ಇವತ್ತಿಗೂ ಮರೆತಿಲ್ಲ.

"ನೋಡು ರಾಂದಿ. ಒಂದೊಂದು ದೋಣಿಗೂ ಒಂದೊಂದು ಕಾರ್ಡು ಇದೆ ಅಂದ್ಕೋ. ದೋಣಿ ಹೆಸರು, ಮನುಷ್ಯನ ಹೆಸರು, ಕೊನೇ ಸದ್ದು ಯಾವಾಗ ಬಂತು, ಈಗ ಅವನ ಸ್ಥಿತಿ ಏನು. ನಾಲ್ಕು ಮನೆ. ಇದಕ್ಕೆ ನಾವು ಸ್ಟ್ರಕ್ಟ್ ಅಂತೀವಿ."

"ಕಾರ್ಡು ಅಂದ್ರೆ ಕಾರ್ಡು. ಮುಂದೆ ಹೇಳು."

"ಈ ಕಾರ್ಡಿಗೆ ಮಾಡೋ ಕೆಲಸಗಳಿಗೆ ಮೆಥಡ್ ಅಂತ ಹೆಸರು. ಕೆಲಸದ ಹೆಸರಿಗೂ ಮುಂಚೆ, ಇದು ಯಾರ ಮೇಲೆ ಮಾಡೋ ಕೆಲಸ ಅಂತ ಕಂಸದೊಳಗೆ ಬರೀಬೇಕು. ಅಲ್ಲಿ ಒಂದು ನಕ್ಷತ್ರದ ಗುರುತು ಇಟ್ರೆ ಅಸಲು ಕಾರ್ಡೇ ಕೈಗೆ ಬರುತ್ತೆ. ಇಡದೇ ಇದ್ರೆ ಅದರ ನಕಲು ಬರುತ್ತೆ. ಬರೀ ಓದೋ ಕೆಲಸ ಆದ್ರೆ ನಕಲು ಸಾಕು. ಬರೆಯೋ ಕೆಲಸಕ್ಕೆ ಅಸಲೇ ಬೇಕು."

"ನಕಲಿನ ಮೇಲೆ ಬರೆದ್ರೆ?"

"ಏನೂ ಆಗಲ್ಲ. ಕೆಲಸ ಮುಗಿದ ಕೂಡ್ಲೆ ನಕಲು ಕಸಕ್ಕೆ ಹೋಗುತ್ತೆ. ಅಸಲು ಇದ್ದ ಹಾಗೇ ಇರುತ್ತೆ."

"ಅಲ್ಲಯ್ಯಾ, ಕಂಪ್ಯೂಟರ್ ಬೈಯಲ್ವಾ ನಿನ್ನ?"

"ಯಾಕೆ ಬೈಯುತ್ತೆ? ನಕಲಿನ ಮೇಲೆ ಬರೆಯೋದೇನು ಅಪರಾಧ ಅಲ್ವಲ್ಲ."

"ಹಾಗಾದ್ರೆ ನಿನ್ನ ಕಂಪ್ಯೂಟರೂ ನನ್ನ ಗಂಡನ ಥರಾನೇ ಬಿಡು. ಎಲ್ಲಕ್ಕೂ ಹೂಂ ಅಂತಾನೆ, ಒಂದೂ ತಲೆಗೆ ಹೋಗಿರಲ್ಲ" ಎಂದೆ. ಅವನು ಬಾಯಲ್ಲಿದ್ದ ಕಾಫಿ ಉಗುಳುವಷ್ಟು ನಕ್ಕ. ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ನಮ್ಮ ಭಾಷೆಯಲ್ಲಿ ಕಾಣೆಯಾದವನಿಗೆ 'ಸಾವ್ನೆತ್' ಎನ್ನುತ್ತೇವೆ. ಯಾರಿಗಾಗಿ ಮನಸ್ಸು ಹಂಬಲಿಸುತ್ತದೋ ಅವನಿಗೂ ಅದೇ ಮಾತು. ಸಮುದ್ರದ ಅಂಚಿನ ಜನಕ್ಕೆ ಎರಡಕ್ಕೂ ಬೇರೆ ಬೇರೆ ಪದ ಬೇಕೆಂದು ಅನ್ನಿಸಿರಲಿಕ್ಕಿಲ್ಲ. ಓಡ್ವಾರ್ ತನ್ನ ಮೆಥಡ್‌ಗೂ ಅದೇ ಹೆಸರಿಟ್ಟಿದ್ದ. ಮೊದಲು ಅದು ಬರೀ ಓದುವ ಕೆಲಸ: ಕಾರ್ಡು ನೋಡಿ, ಇವನು ಕಾಣೆಯಾಗಿದ್ದಾನೋ ಇಲ್ಲವೋ ಹೇಳುವುದು. ಓದುವುದಕ್ಕೆ ನಕಲು ಸಾಕು, ಆದ್ದರಿಂದ ನಕ್ಷತ್ರ ಇಟ್ಟಿರಲಿಲ್ಲ. ಒಂದು ಜನವರಿಯಲ್ಲಿ ಪ್ರೋಗ್ರಾಮನ್ನು ಓರಣ ಮಾಡುತ್ತಾ, ನೋಡುವ ಕೆಲಸ ಒಂದು ಕಡೆ, ಗುರುತು ಹಾಕುವ ಕೆಲಸ ಇನ್ನೊಂದು ಕಡೆ ಯಾಕೆ ಎಂದು ಎರಡನ್ನೂ ಈ ಒಂದರಲ್ಲೇ ಸೇರಿಸಿದ. ಇನ್ನೊಬ್ಬ ಸಹೋದ್ಯೋಗಿ ಕಣ್ಣಾಡಿಸಿ 'ಚೆನ್ನಾಗಿದೆ' ಎಂದು ಬರೆದ. ನಕ್ಷತ್ರ ಇಡಲು ಇಬ್ಬರೂ ಮರೆತರು. ಆಮೇಲೆ ಎರಡು ತಿಂಗಳು ಯಾರೂ ನೀರಿಗೆ ಬೀಳಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮಾರ್ಚ್ ಹದಿನಾಲ್ಕರಂದು ಬಿದ್ದವನು ಲೈಡುಲ್ಫ್. 'ಸೊಲ್ಬ್ರಿಸ್' ಎಂಬ ದೋಣಿಯವನು, ಐವತ್ತಾರು ವರ್ಷ, ತೊರುನ್‌ಳ ಗಂಡ. ತೊರುನ್ ನನ್ನ ಶಾಲೆಯ ಗೆಳತಿ, ಒಂದೇ ಬೆಂಚಿನವಳು. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಇನ್ನೊಂದು ದೋಣಿಯವರು ಸೊಲ್ಬ್ರಿಸ್ ಯಾರೂ ಇಲ್ಲದೆ ಸುತ್ತು ಹಾಕುತ್ತಿರುವುದನ್ನು ಕಂಡರು. ತೇಲುವ ಅಂಗಿಯಲ್ಲಿದ್ದ ಅವನು ಎರಡೂವರೆಗೆ ಸಿಕ್ಕಿದ, ಜೀವ ಇರಲಿಲ್ಲ. ನಮ್ಮ ಬಂದರಿನ ಪರದೆಯಲ್ಲಿ ಆಗಲೂ ಅವನ ಚುಕ್ಕೆ ಹಸಿರಾಗಿಯೇ ಇತ್ತು. ನೀರಲ್ಲಿ ಒಂದು ಗಂಟೆಗೂ ಹೆಚ್ಚು ಬದುಕಿದ್ದಿರಬಹುದು ಎಂದು ಡಾಕ್ಟರು ಹೇಳಿದ ಮಾತು ಊರೆಲ್ಲ ಹಬ್ಬಿತು. ಬಿಲ್ಲೆ ಕೆಟ್ಟಿತ್ತೇನೋ, ಚಳಿಗೆ ಬ್ಯಾಟರಿ ಸತ್ತಿತ್ತೇನೋ ಎಂದು ನಮ್ಮ ಕಂಪನಿಯ ಯಜಮಾನ ತನಿಖೆಯವರಿಗೆ ಹೇಳಿದ. ಅವನಿಗೂ ನಿಜ ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಓಡ್ವಾರ್ ನನ್ನನ್ನು ತನ್ನ ಮೇಜಿಗೆ ಕರೆದ. ಪರದೆಯ ಮೇಲೆ ಸಾಲು ಸಾಲು ಅಕ್ಷರ. ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಯಾರೂ ಓದದ ಒಂದು ಕಡತದಲ್ಲಿ ಬರೆದಿಡುತ್ತದಂತೆ. ಅವನು ಬೆರಳಿಟ್ಟು ತೋರಿಸಿದ.

ಹನ್ನೊಂದು ಮೂವತ್ತೊಂದು, ಸೊಲ್ಬ್ರಿಸ್, ಲೈಡುಲ್ಫ್, ಸಾವ್ನೆತ್.

ಹನ್ನೊಂದು ಮೂವತ್ತೆರಡು, ಸೊಲ್ಬ್ರಿಸ್, ಲೈಡುಲ್ಫ್, ಸಾವ್ನೆತ್.

ಹನ್ನೊಂದು ಮೂವತ್ತಮೂರು.

ಅವನು ಕೆಳಗೆ ಕೆಳಗೆ ಸರಿಸುತ್ತಾ ಹೋದ. ಅದು ಮುಗಿಯಲೇ ಇಲ್ಲ.

"ನೂರಾಹತ್ತು ಸಾಲಿದೆ ರಾಂದಿ. ಒಂದೂ ಇಪ್ಪತ್ತಕ್ಕೆ ಆ ದೋಣಿಯವರು ಸೊಲ್ಬ್ರಿಸ್ ಹತ್ತಿ ಪೆಟ್ಟಿಗೆ ಆರಿಸೋ ತನಕ. ಬಿಲ್ಲೆ ಕೆಟ್ಟಿರಲಿಲ್ಲ. ಸದ್ದು ನಿಂತಿದ್ದು ಇದಕ್ಕೆ ಗೊತ್ತಾಗಿದೆ. ನಿಮಿಷಕ್ಕೊಂದ್ಸಲ ಕಾರ್ಡಿನ ನಕಲು ತೆಗೆದು, ಅದರ ಮೇಲೆ ಕಾಣೆ ಅಂತ ಬರೆದು, ಕಸಕ್ಕೆ ಹಾಕಿದೆ. ಅಸಲು ಕಾರ್ಡಲ್ಲಿ ಏನೂ ಬದಲಾಗಿಲ್ಲ. ಅದಕ್ಕೇ ಮುಂದಿನ ನಿಮಿಷ ನೋಡಿದಾಗ ಮತ್ತೆ ಹೊಸದಾಗಿ ಕಾಣೆಯಾಗಿದಾನೆ. ಕರೆ ಕಳಿಸೋದು ಅಸಲು ಕಾರ್ಡು ನೋಡ್ಕೊಂಡು. ಅಲ್ಲಿ ಅವನು ಕ್ಷೇಮ."

ಅವನ ದನಿಯಲ್ಲಿ ಅಳು ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ನೂರಾಹತ್ತು ಸಲ ಅವನು ನೀರಲ್ಲಿದೀನಿ ಅಂದ. ನೂರಾಹತ್ತು ಸಲ ನಾನು ಬಿಸಾಕಿದೆ" ಎಂದ.

ಆಗ ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ಕೋಣೆಯ ಬಾಗಿಲು ಹಾಕಿ ಬಂದು, "ಆ ನಕ್ಷತ್ರ ಮೊದ್ಲು ಇಡು. ಇವತ್ತೇ ಇಡು. ಇನ್ನೂ ನಲವತ್ತು ದೋಣಿ ಹೊರಗಿವೆ" ಎಂದೆ. ಅವನು ಇಟ್ಟ. ಬದಲಾವಣೆಗೆ ಒಂದು ಹೆಸರು ಕೊಡಬೇಕಂತೆ, 'ಸಣ್ಣ ರಿಪೇರಿ' ಎಂದು ಬರೆದ.

"ಈಗ ತೊರುನ್ ಮನೆಗೆ ಹೋಗ್ಬೇಕು" ಎಂದ.

"ಹೋಗಿ ಏನು ಹೇಳ್ತೀಯ? ಹೋದ ಜೀವ ವಾಪಸ್ ಬರುತ್ತಾ? ಅವಳಿನ್ನೂ ಅವನನ್ನ ಮಣ್ಣು ಮಾಡಿಲ್ಲ ಮಾರಾಯ. ಈ ಆಫೀಸಲ್ಲಿ ಒಂಬತ್ತು ಮನೆ ಅನ್ನ ತಿಂತಿದೆ. ನೀನೀಗ ಬಾಯಿ ಬಿಟ್ರೆ ನಾಳೆಯಿಂದ ಮೀನುಗಾರರು ಬಿಲ್ಲೆ ಕಿತ್ತು ನೀರಿಗೆ ಎಸೀತಾರೆ, ಆಗ ಸಾಯೋರು ಇನ್ನೆಷ್ಟು ಜನ? ಸುಮ್ನಿರು. ಸ್ವಲ್ಪ ದಿನ ಸುಮ್ನಿರು."

ಮಾತೆಲ್ಲ ನ್ಯಾಯವಾಗಿಯೇ ಕೇಳಿಸುತ್ತಿತ್ತು. ನನಗೆ ಮಾತಿಗೆ ಯಾವತ್ತೂ ಬರವಿಲ್ಲ. ಎರಡು ದಿನದ ನಂತರ ಚರ್ಚಿನಲ್ಲಿ ತೊರುನ್‌ಳ ಪಕ್ಕದಲ್ಲೇ ಕೂತು, ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಓಡ್ವಾರ್ ಹಿಂದೆ ಬಾಗಿಲ ಬಳಿ ನಿಂತಿದ್ದ, ಒಳಗೆ ಬರಲಿಲ್ಲ.

ಆ 'ಸ್ವಲ್ಪ ದಿನ' ನಾಲ್ಕು ವರ್ಷವಾಯಿತು.

ಆ ನಾಲ್ಕು ವರ್ಷದಲ್ಲಿ ಅವನು ಕೆಲಸಕ್ಕೆ ಬಂದ, ಹೋದ. ಆದರೆ ಊಟದ ಹೊತ್ತಿಗೆ ನಮ್ಮ ಜೊತೆ ಕೂರುವುದನ್ನು ಬಿಟ್ಟ. ಅವನ ಮೇಜಿನ ಕೆಳಗೊಂದು ಹಳೆಯ ಕಂಪ್ಯೂಟರಿತ್ತು. ಅದರಲ್ಲಿ ಆ ದಿನದ ಬಿಲ್ಲೆಯ ಸದ್ದುಗಳನ್ನೆಲ್ಲ ಕಾದಿಟ್ಟಿದ್ದ. ಹನ್ನೊಂದೂವರೆ ಆಗುತ್ತಿದ್ದ ಹಾಗೆ ಅವನ್ನು ಮತ್ತೆ ಓಡಿಸುತ್ತಿದ್ದ. ಪರದೆಯ ಎಡಗಡೆ ನಕ್ಷತ್ರ ಇಲ್ಲದ ಪ್ರೋಗ್ರಾಂ, ಬಲಗಡೆ ನಕ್ಷತ್ರ ಇದ್ದದ್ದು. ಎಡಗಡೆ ನಿಮಿಷಕ್ಕೊಂದು ಸಾಲು ಬೀಳುತ್ತಿತ್ತು. ಬಲಗಡೆ ಒಂದೇ ಒಂದು ಸಾಲು ಬಂದು, ಚುಕ್ಕೆ ಕೆಂಪಾಗಿ, ಆಮೇಲೆ ನಿಶ್ಶಬ್ದ. ಒಂದು ದಿನ ತಡೆಯಲಾರದೆ ಹೋಗಿ ಹಿಂದೆ ನಿಂತೆ.

"ಇದೇನು ಓಡ್ವಾರ್, ದಿನಾ?"

ಅವನು ತಿರುಗದೆ ಬಲಗಡೆ ತೋರಿಸಿದ. "ಇಲ್ಲಿ ರಕ್ಷಣೆ ದೋಣಿ ಹೊರಟಿದೆ. ಹನ್ನೆರಡರೊಳಗೆ ಅಲ್ಲಿರ್ತಾರೆ. ಅವನಿಗೆ ಇನ್ನೂ ಜ್ಞಾನ ಇದೆ. ಕಂಬಳಿ ಹೊದೆಸ್ತಾರೆ."

ಕಂಬಳಿ ಹೊದೆಸುತ್ತಿದ್ದರು ಎನ್ನಲಿಲ್ಲ. ಹೊದೆಸುತ್ತಾರೆ ಎಂದ. ಜನವರಿಯ ಮಧ್ಯಾಹ್ನ, ನಮ್ಮ ಉತ್ತರದಲ್ಲಿ ಸೂರ್ಯ ಮೂಡದ ಕಾಲ, ಕಿಟಕಿಯಾಚೆ ನೀಲಿ ಮಬ್ಬು. ಅವನ ಮುಖದ ಮೇಲೆ ಪರದೆಯ ಬೆಳಕು ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ನಾನು ನನ್ನ ಜಾಗಕ್ಕೆ ಬಂದು ಫೋನ್ ಬರಲಿ ಎಂದು ಕಾದೆ. ಯಾರಾದರೂ ಬೈಯುವುದಕ್ಕಾದರೂ ಫೋನ್ ಮಾಡಿದ್ದರೆ ಸಾಕಿತ್ತು.

ಅವನು ಒಬ್ಬನೇ ಇದ್ದವನು. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಬೀಗ ಹಾಕಿ ಬಂದ ಬಾಗಿಲನ್ನು ಅರ್ಧ ದಾರಿಯಿಂದ ವಾಪಸ್ಸು ಹೋಗಿ ಎಳೆದು ನೋಡುತ್ತಿದ್ದ. ಅಂಗಡಿಯಲ್ಲಿ ಚೀಟಿ ಬರೆದರೆ ನಾಲ್ಕು ಸಲ ಓದುತ್ತಿದ್ದ. ಒಮ್ಮೆ ನನ್ನನ್ನು ನೋಡಿ, "ನೀನು ಅಸಲು ತಾನೇ?" ಎಂದ. ತಮಾಷೆಗೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಹೋದ ಅಕ್ಟೋಬರಿನಲ್ಲಿ ಅಂಗಡಿಯ ಸಾಲಿನಲ್ಲಿ ತೊರುನ್ ಸಿಕ್ಕಿದಳು. ಬುಟ್ಟಿಯಲ್ಲಿ ಹಾಲು, ಆಲೂಗಡ್ಡೆ, ಕಂದು ಗಿಣ್ಣು. ಹೆಗಲಿಗೆ ಚೀಲ. ಅವಳ ಮನೆ ಅಲ್ಲಿಂದ ನಾಲ್ಕು ಕಿಲೋಮೀಟರು.

"ಕಾರೆಲ್ಲಿ ನಿಂದು?" ಎಂದೆ.

"ಓಡಿಸೋದು ಬಿಟ್ಟು ಬಹಳ ದಿನ ಆಯ್ತು ಕಣೇ."

"ಯಾಕೆ? ಕಣ್ಣಿಗೇನಾಯ್ತು?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ಆವತ್ತು ನಾನು ಫೋನ್ ನೋಡೇ ಇಲ್ಲ ಅಂತ ತನಿಖೆಯವರ ಹತ್ರ ಅಂದಿದ್ನಲ್ಲ, ಅದು ಸುಳ್ಳು. ಯಾಕೋ ಮನಸ್ಸಿಗೆ ತಳಮಳ ಆಗಿ ಮೂರು ಸಲ ನೋಡಿದೆ. ಮೂರು ಸಲಾನೂ ಹಸಿರು. ಹಸಿರು ಅಂತ ಸಮಾಧಾನ ಮಾಡ್ಕೊಂಡು ರೊಟ್ಟಿ ಹಿಟ್ಟು ನಾದ್ತಾ ಕೂತೆ. ಅದು ಹೇಗೆ ಹಸಿರಿರೋಕೆ ಸಾಧ್ಯ ರಾಂದಿ? ಬೇರೆ ಯಾರದೋ ದೋಣಿ ನೋಡಿರ್ಬೇಕು ನಾನು. ಇಲ್ಲಾ ಕೆಂಪನ್ನೇ ಹಸಿರು ಅಂದ್ಕೊಂಡಿರ್ಬೇಕು. ಆವತ್ತಿಂದ ನನ್ನ ಕಣ್ಣನ್ನ ನಾನೇ ನಂಬಲ್ಲ. ಎಲ್ಲಾದ್ರೂ ಮಗು ಅಡ್ಡ ಬಂದ್ರೆ, ರಸ್ತೆ ಖಾಲಿ ಅಂತ ಕಂಡ್ರೆ ಏನ್ಮಾಡ್ಲಿ?"

ನನ್ನ ಸರದಿ ಬಂತು. ಸಾಮಾನು ಕೊಟ್ಟು, ಚೀಲ ತೆಗೆದುಕೊಂಡು, "ಹಾಗೆಲ್ಲ ಯೋಚಿಸ್ಬೇಡ" ಎಂದು ಹೇಳಿ ಹೊರಗೆ ಬಂದೆ. ಅಷ್ಟೇ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಅದನ್ನೂ ಮಾಡಲಿಲ್ಲ, ನೆಟ್ಟಗೆ ನಡೆದುಬಿಟ್ಟೆ.

ಮರುದಿನ ಹನ್ನೊಂದೂವರೆಗೆ ಓಡ್ವಾರ್ ಆ ಹಳೆಯ ಕಂಪ್ಯೂಟರನ್ನು ಹಚ್ಚಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸಾಕು ನಿಲ್ಲಿಸು ಇದನ್ನ. ನೀನಿಲ್ಲಿ ಸತ್ತವನನ್ನ ದಿನಾ ಬದುಕಿಸ್ತಾ ಕೂತಿರು. ಅಲ್ಲಿ ಬದುಕಿರೋಳು ತನ್ನ ಕಣ್ಣು ಕೆಟ್ಟಿತ್ತು ಅಂದ್ಕೊಂಡು ಚೀಲ ಹೊತ್ಕೊಂಡು ನಾಲ್ಕು ಕಿಲೋಮೀಟರ್ ನಡೀತಿದಾಳೆ" ಎಂದು ತೊರುನ್ ಹೇಳಿದ್ದೆಲ್ಲವನ್ನೂ ಕಕ್ಕಿದೆ.

ಅವನು ಪೂರ್ತಿ ಕೇಳಿದ. ಆಮೇಲೆ ಕೇಳಿದ್ದನ್ನು ತಿರುಗಿ ಹೇಳಿದ. "ಮೂರು ಸಲ ನೋಡಿದ್ಲು. ಮೂರು ಸಲಾನೂ ಹಸಿರಿತ್ತು. ಬೇರೆ ದೋಣಿ ನೋಡಿದೆ ಅಂದ್ಕೊಂಡಿದಾಳೆ."

"ಹೂಂ."

ಅವನು ಆ ಕಡತವನ್ನು ಕಾಗದಕ್ಕೆ ಇಳಿಸಿಕೊಂಡು ಕೋಟು ತೊಟ್ಟ. ನಾನೂ ಹೊರಟೆ. ಅವನೊಬ್ಬನನ್ನೇ ಕಳಿಸಬಾರದು ಎಂದು ಹೊರಟೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನು ನನ್ನ ಹೆಸರು ಎತ್ತುತ್ತಾನೋ ಇಲ್ಲವೋ ನೋಡಬೇಕಿತ್ತು.

ತೊರುನ್ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಬೆರಗಾದಳು, ಆದರೂ ಕಾಫಿ ಇಟ್ಟಳು. ಅಡುಗೆಮನೆಯ ಮೇಜಿಗೆ ಕೂತ ಮೇಲೆ ಓಡ್ವಾರ್ ಮುನ್ನುಡಿಯನ್ನೇನೂ ಹಾಕಲಿಲ್ಲ. ಒಂದು ಕಾಗದ ಕೇಳಿ ತೆಗೆದುಕೊಂಡು ಅದರ ಮೇಲೆ ಬರೆದ: ಸೊಲ್ಬ್ರಿಸ್, ಲೈಡುಲ್ಫ್, ಹನ್ನೊಂದು ಇಪ್ಪತ್ತು, ಕ್ಷೇಮ. ಇನ್ನೊಂದು ಕಾಗದದಲ್ಲಿ ಅದನ್ನೇ ಅಕ್ಷರ ಬಿಡದೆ ನಕಲು ಮಾಡಿದ. ನಕಲಿನಲ್ಲಿ 'ಕ್ಷೇಮ' ಹೊಡೆದುಹಾಕಿ 'ಸಾವ್ನೆತ್' ಎಂದು ಬರೆದ. ಎದ್ದುಹೋಗಿ ಅದನ್ನು ಒಲೆಗೆ ಹಾಕಿ ಬಂದ. ಮೇಜಿನ ಮೇಲೆ ಮೊದಲನೆಯದು ಉಳಿದಿತ್ತು.

"ನಾನು ಬರೆದ ಪ್ರೋಗ್ರಾಂ ಹೀಗೆ ಮಾಡ್ತು. ನಿಮಿಷಕ್ಕೊಂದ್ಸಲ. ಒಂದು ಗುರುತು ಇಡೋದು ಮರೆತಿದ್ದೆ. ನಿನ್ನ ಫೋನಿಗೆ ಹೋಗಿದ್ದು ಇದು" ಎಂದು ಉಳಿದ ಕಾಗದವನ್ನು ಅವಳ ಕಡೆ ಸರಿಸಿದ. "ನೀನು ನೋಡಿದ್ದು ಅವನ ದೋಣಿಯನ್ನೇ ತೊರುನ್. ಅದು ಹಸಿರಾಗಿಯೇ ಇತ್ತು."

ಅವಳು ಆ ಕಾಗದವನ್ನು ಎತ್ತಿಕೊಂಡು ಓದಿದಳು. ಓಡ್ವಾರ್ ನೂರಾಹತ್ತು ಸಾಲಿನ ಹಾಳೆಗಳನ್ನೂ ಮುಂದಿಟ್ಟ. ಅವಳು ಬೆರಳಿಟ್ಟುಕೊಂಡು ಓದುತ್ತಾ ಹೋದಳು, ಹನ್ನೆರಡು ನಲವತ್ತರ ಸಾಲಿಗೆ ಬಂದು ನಿಂತಳು.

"ಹನ್ನೆರಡೂ ನಲವತ್ತಕ್ಕೆ ಮೂರನೇ ಸಲ ನೋಡಿದ್ದೆ. ರೇಡಿಯೋದಲ್ಲಿ ಹವಾಮಾನ ಮುಗೀತಿತ್ತು" ಎಂದಳು. "ಆಗ ಇನ್ನೂ ಬದುಕಿದ್ನಾ?"

"ಇದ್ದಿರಬಹುದು. ಗೊತ್ತಿಲ್ಲ."

"ನಿನಗೆ ಇದು ಯಾವಾಗ ಗೊತ್ತಾಯ್ತು?"

"ಮೂರನೇ ದಿನ. ಆಗಲೇ ಬರಬೇಕಿತ್ತು, ಬರಲಿಲ್ಲ. ನಾಳೆ ತನಿಖೆಯವರ ಹತ್ರ ಹೋಗ್ತೀನಿ. ನಿನಗೆ ಮೊದಲು ಹೇಳ್ಬೇಕಿತ್ತು."

ಅವನು ನನ್ನ ಹೆಸರು ಎತ್ತಲಿಲ್ಲ. ಒಂದು ಗಳಿಗೆ ನನ್ನ ಜೀವ ಹಗುರಾಯಿತು; ಅದನ್ನು ನೆನೆದರೆ ಇವತ್ತಿಗೂ ನಾಚಿಕೆ. ತೊರುನ್ ಹಾಳೆಯಿಂದ ಕಣ್ಣೆತ್ತಿದಳು. ನೋಡಿದ್ದು ಅವನನ್ನಲ್ಲ, ನನ್ನನ್ನು. ನಾಲ್ಕು ವರ್ಷ ನಂಬದೆ ಬಿಟ್ಟಿದ್ದ ಕಣ್ಣು ಅದು, ಒಂದಿಷ್ಟೂ ತಪ್ಪದೆ ನನ್ನ ಮುಖದ ಮೇಲೆ ನಿಂತಿತು.

"ನಿನಗೆ?" ಎಂದಳು.

ಮಾತಿಗೆ ಬರವಿಲ್ಲದವಳು ನಾನು, ಲೋಟ ಎತ್ತಿ ಒಂದು ಗುಟುಕು ಕಾಫಿ ಕುಡಿದೆ.

"ನಿನ್ನೆ ಅಂಗಡೀಲಿ ನಾನು ಹೇಳ್ದಾಗ ನಿನಗೆ ಗೊತ್ತಿತ್ತಾ ರಾಂದಿ?"

"ಗೊತ್ತಿತ್ತು."

"ಚರ್ಚಲ್ಲಿ?"

"ಗೊತ್ತಿತ್ತು. ಹೇಳ್ಬೇಡ ಅಂತ ಅವನಿಗೆ ಹೇಳಿದ್ದೂ ನಾನೇ."

ನನ್ನ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ತೊರುನ್ ಅದನ್ನು ಎತ್ತಿಕೊಂಡು ಹೋಗಿ ತೊಟ್ಟಿಗೆ ಚೆಲ್ಲಿ, ಸಾಬೂನು ಹಾಕಿ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟಳು. ಓಡ್ವಾರ್ ಎದ್ದು ನಿಂತ. ಅವಳು ಅವನ ಹೆಗಲ ಮೇಲೆ ಒದ್ದೆ ಕೈಯಿಟ್ಟು ಮತ್ತೆ ಕೂರಿಸಿದಳು.

"ಇವನು ಇರ್ಲಿ. ಇದನ್ನ ಮೊದಲಿಂದ ಪೂರ್ತಿ ಓದ್ಬೇಕು, ಒಬ್ಬಳೇ ಓದಕ್ಕಾಗಲ್ಲ. ನೀನು ಹೋಗು."

ನಾನು ಹೊರ ಕೋಣೆಗೆ ಬಂದು ಬೂಟು ಹಾಕಿಕೊಂಡೆ. ಬಾಗಿಲು ಎಳೆದುಕೊಳ್ಳುವಾಗ ಅವಳು ಮೊದಲ ಸಾಲಿನಿಂದ ಜೋರಾಗಿ ಓದಲು ಶುರು ಮಾಡಿದ್ದಳು, ಪ್ರತಿ ಸಲವೂ ಗಂಡನ ಹೆಸರು ಬಿಡದೆ. ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದೇ, ಹೋಗು ಎಂದದ್ದು.